ಘಟ್ಟವನ್ನೇರಿ ಬಂದ ಸಿದ್ದಿಗಳು

ಧಾರವಾಡದಿಂದ ಹಳಿಯಾಳದ ದಾರಿಯನ್ನು ಹಿಡಿದು ಪಡುವಣಕ್ಕೆ ಹೊರಟರೆ ಒಂದು ತಾಸು ಕಳೆಯುವುದರೊಳಗೆ ನೆಲದ ಬಣ್ಣವೇ ಬೇರೆಯಾಗುತ್ತದೆ. ಜೋಳ ಹತ್ತಿಗಳ ಎರೆಹೊಲಗಳು ಹಿಂದೆ ಉಳಿಯುತ್ತವೆ. ಭತ್ತದ ಗದ್ದೆಗಳು ಕಾಣಿಸುತ್ತವೆ. ಅವುಗಳ ಆಚೆಗೆ ತೇಗ ಮತ್ತಿಗಳ ಕಾಡು ನಿಂತಿರುತ್ತದೆ. ಹುಬ್ಬಳ್ಳಿಯಿಂದ ಕಲಘಟಗಿಯ ಮೇಲೆ ಯಲ್ಲಾಪುರಕ್ಕೆ ಹೋಗುವವರೂ ಇದನ್ನೇ ಕಾಣುತ್ತಾರೆ. ಈ ಅಂಚಿನ ಸೀಮೆಯ ಸಂತೆಗಳಲ್ಲಿ ಕರಿಯ ಮೈಬಣ್ಣದ, ಗುಂಗುರುಗೂದಲಿನ ಜನರನ್ನು ನಮ್ಮ ಶ್ರೋತೃಗಳಲ್ಲಿ ಅನೇಕರು ನೋಡಿರಬಹುದು. ವ್ಯವಹಾರಕ್ಕೆ ಕನ್ನಡ, ಮನೆಯೊಳಗೆ ಕೊಂಕಣಿಯ ಒಂದು ಬಗೆ. ಇದು ಅವರ ಮಾತು. ಇವರೇ ಸಿದ್ದಿಗಳು. ಪೇಟೆಯವರು ಇವರನ್ನು ತಡೆದು, ನೀವು ಯಾವ ದೇಶದವರೆಂದು ಕೇಳುವುದುಂಟು. ಹಾಗೆ ಕೇಳುವ ಮಹನೀಯರಲ್ಲಿ ಎಷ್ಟೋ ಜನರ ಮನೆತನ ಹುಬ್ಬಳ್ಳಿಗೆ ಬಂದು ಮೂರು ತಲೆಯೂ ಆಗಿರುವುದಿಲ್ಲ. ಸಿದ್ದಿಗಳ ಹಿರಿಯರು ಈ ಕಾಡಿಗೆ ಬಂದು ಅದಕ್ಕಿಂತ ಬಹಳ ಹೆಚ್ಚು ಕಾಲವಾಯಿತು.

ಗುಲಾಮಗಿರಿಯೆಂದೊಡನೆ ನಮ್ಮ ಸುಶಿಕ್ಷಿತರ ಮನಸ್ಸು ಸಮುದ್ರವನ್ನು ದಾಟಿ ಅಮೇರಿಕೆಗೆ ಹೋಗುತ್ತದೆ. ಹತ್ತಿಯ ಹೊಲಗಳು, ಲಿಂಕನ್ನನ ಘೋಷಣೆ, ಇಂಗ್ಲೆಂಡಿನ ವಿಲ್ಬರ್‌ಫೋರ್ಸನ ಭಾಷಣಗಳು, ಇವನ್ನು ನಾವೇ ಕಾಲೇಜಿನಲ್ಲಿ ವರ್ಷವರ್ಷವೂ ಹೇಳಿಕೊಡುತ್ತ ಬಂದಿದ್ದೇವೆ. ಹೇಳಿಕೊಡುವಾಗ ಒಂದು ತಪ್ಪು ನಮ್ಮಿಂದ ಆಗುತ್ತಿತ್ತೆಂಬುದು ತಡವಾಗಿ ಹೊಳೆಯಿತು. ಆ ಪಾಠದಲ್ಲಿ ಕೆಲಸ ಮಾಡುವವರೆಲ್ಲ ಬಿಳಿಯ ದೊರೆಗಳು. ಗುಲಾಮನಾದವನು ಕೈಕಟ್ಟಿ ನಿಂತು ದಯೆಗಾಗಿ ಕಾಯುವವನು. ಚರಿತ್ರೆಯಲ್ಲಿ ನಡೆದದ್ದು ಹಾಗಲ್ಲ. ಕಾನೂನು ಬರುವುದಕ್ಕೆ ಶತಮಾನಗಳ ಮೊದಲೇ ಗುಲಾಮರು ತಮ್ಮ ಬಿಡುಗಡೆಯನ್ನು ತಾವೇ ತೆಗೆದುಕೊಳ್ಳುತ್ತ ಬಂದಿದ್ದರು. ಅದಕ್ಕೆ ನಿದರ್ಶನವನ್ನು ಹುಡುಕಿಕೊಂಡು ಅಮೇರಿಕೆಗೆ ಹೋಗಬೇಕಾಗಿಲ್ಲ; ಒಂದು ತಾಸಿನ ದಾರಿ ಸಾಕು.

೧೫೧೦ರಲ್ಲಿ ಪೋರ್ತುಗೀಜರ ಅಲ್ಬುಕರ್ಕನು ವಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಗೆದ್ದುಕೊಂಡನು. ಆಫ್ರಿಕದ ಪೂರ್ವತೀರದ ಮೊಜಾಂಬಿಕಿನಲ್ಲಿ ಪೋರ್ತುಗೀಜರು ಅದಾಗಲೇ ನೆಲೆಯೂರಿದ್ದರು. ಮುಂಗಾರಿನ ಗಾಳಿಯ ಬೆನ್ನೇರಿ ಅಲ್ಲಿಂದ ಬರುವ ಹಡಗುಗಳು ಆನೆಯ ದಂತವನ್ನೂ ಬಂಗಾರವನ್ನೂ ತರುತ್ತಿದ್ದವು; ಅವುಗಳೊಡನೆ ಮನುಷ್ಯರನ್ನೂ ತರುತ್ತಿದ್ದವು. ಗೋವೆಯಲ್ಲಿ ಬಂಗಾಲದವರೂ ಚೀನ ಜಪಾನುಗಳವರೂ ಗುಲಾಮರಾಗಿದ್ದದ್ದುಂಟು. ಆದರೆ ನಮ್ಮ ಇಂದಿನ ಕಥೆ ಆಫ್ರಿಕದವರದು.

ಆ ಕಾಲದ ಗೋವೆಯನ್ನು ಕಣ್ಣಾರೆ ಕಂಡು ಬರೆದವರಲ್ಲಿ ಲಿನ್ಸ್‌ಖೋಟೆನ್ ಎಂಬ ಡಚ್ಚನು ಮುಖ್ಯನು. ಗೋವೆಯ ಆರ್ಚ್‌ಬಿಷಪ್ಪನ ಕೈಕೆಳಗೆ ಬರವಣಿಗೆಯ ಕೆಲಸದಲ್ಲಿದ್ದುಕೊಂಡು ೧೫೮೩ರಿಂದ ೧೫೮೮ರ ವರೆಗೆ ಅಲ್ಲಿದ್ದನು. ಅವನ ಪ್ರವಾಸದ ಗ್ರಂಥವು ೧೫೯೬ರಲ್ಲಿ ಅಚ್ಚಾಯಿತು. ಊರಿನ ನೇರಬೀದಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಲಿಲಾವು ನಡೆಯುತ್ತಿತ್ತು. ಅರಬ್ಬಿ ಕುದುರೆ, ಸುಗಂಧದ್ರವ್ಯ, ರತ್ನಗಂಬಳಿಗಳೊಂದಿಗೆ ಗಂಡಸರನ್ನೂ ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ ಕೂಗುತ್ತಿದ್ದರು. ಒಬ್ಬೊಬ್ಬ ಪೋರ್ತುಗೀಜ ಗೃಹಸ್ಥನ ಮನೆಯಲ್ಲಿ ಹನ್ನೆರಡು, ಇಪ್ಪತ್ತು, ಮೂವತ್ತು ಗುಲಾಮರಿರುತ್ತಿದ್ದರೆಂದು ಅವನು ಬರೆಯುತ್ತಾನೆ. ಇದರಲ್ಲಿ ನಾವು ಗಮನಿಸತಕ್ಕ ಒಂದು ಸಂಗತಿಯುಂಟು. ಈ ಗೃಹಸ್ಥರಲ್ಲಿ ಹಲವರ ಜೀವನೋಪಾಯವೇ ಗುಲಾಮರ ಸಂಪಾದನೆ. ಗಂಡಾಳುಗಳು ಕೊಡಗಳಲ್ಲಿ ಸಿಹಿನೀರನ್ನು ಹೊತ್ತು ಬೀದಿಬೀದಿಗಳಲ್ಲಿ ಮಾರಿ ಬರಬೇಕು. ಹೆಣ್ಣಾಳುಗಳು ಹಣ್ಣಿನ ಮುರಬ್ಬಗಳನ್ನು ಮಾಡಿ, ಕಸೂತಿ ಹಾಕಿ, ಮಾರಿ, ಸಂಜೆಗೆ ದುಡ್ಡನ್ನು ಒಡೆಯನ ಕೈಯಲ್ಲಿಡಬೇಕು. ಒಡೆಯನು ಕುಳಿತು ಉಣ್ಣುತ್ತಿದ್ದನು.

ಈ ಏರ್ಪಾಡಿನಲ್ಲಿಯೇ ಅದರ ಕೊರತೆಯೂ ಅಡಗಿತ್ತೆಂದು ನಮಗೆ ತೋರುತ್ತದೆ. ಸರಪಳಿ ಹಾಕಿ ಕೂಡಿಸಿದವನಿಂದ ನೀರು ಮಾರಿಸುವುದಾಗುವುದಿಲ್ಲ. ದುಡಿಮೆಗಾಗಿ ಊರೆಲ್ಲ ತಿರುಗಿಸಿದ ಮೇಲೆ ಅವನು ಊರಿನ ಸಂದಿಗೊಂದಿಗಳನ್ನೂ ಹೊಳೆಯ ಕಡವುಗಳನ್ನೂ ಅಂಬಿಗರ ಮುಖಗಳನ್ನೂ ಅರಿತುಕೊಳ್ಳದೆ ಇರುತ್ತಾನೆಯೇ? ಓಡಿಹೋಗುವವನಿಗೆ ಬೇಕಾದ ವಿದ್ಯೆಯನ್ನು ಒಡೆಯನ ಲೋಭವೇ ಕಲಿಸಿಕೊಟ್ಟಿತು.

ಇನ್ನು ಗೋವೆಯ ನೆಲದ ಸ್ಥಿತಿಯನ್ನು ನೋಡಬೇಕು. ಹಳೆಯ ಗೋವೆಯಿರುವ ತಿಸವಾಡಿ ಒಂದು ದ್ವೀಪ. ಮಾಂಡವಿ, ಜುವಾರಿ ಹೊಳೆಗಳೂ ಅವೆರಡನ್ನು ಕೂಡಿಸುವ ಕುಂಬಾರಜುವೆಯ ಕಾಲುವೆಯೂ ಅದನ್ನು ಸುತ್ತುವರಿದಿವೆ. ಕಾಲುವೆಯ ಆಚೆಯ ಫೋಂಡೆಯ ಸೀಮೆ ಆಗ ಆದಿಲಶಾಹಿಗೆ ಸೇರಿತ್ತು. ಎಂದರೆ ಒಂದು ರಾತ್ರಿ ಒಂದು ಕಾಲುವೆಯನ್ನು ದಾಟಿದವನು ಪರರಾಜ್ಯದಲ್ಲಿರುತ್ತಿದ್ದನು. ಪೋರ್ತುಗೀಜರಿಗೆ ಇದು ತಿಳಿಯದ ವಿಷಯವಲ್ಲ. ದ್ವೀಪದ ಸುತ್ತಲಿನ ಕಡವುಗಳಲ್ಲಿ ಒಬ್ಬ ಸರದಾರನನ್ನೂ ಒಬ್ಬ ಕಾರಕೂನನನ್ನೂ ಕಾವಲಿಗಿಟ್ಟಿದ್ದರು. ಊರಲ್ಲಿ ವಾಸಿಸುವ ದೇಶೀಯರು ದವಸಧಾನ್ಯಕ್ಕಾಗಿ ಆಚೆದಡಕ್ಕೆ ಹೋಗಬೇಕಾದರೆ ಬರಿಯ ತೋಳಿನ ಮೇಲೆ ಮುದ್ರೆಯೊತ್ತಿಸಿಕೊಂಡು ಹೋಗಬೇಕು; ತಿರುಗಿ ಬರುವಾಗ ಆ ಮುದ್ರೆಯನ್ನು ತೋರಿಸಿ ಕಾಸು ಕೊಡಬೇಕು. ಇದನ್ನೂ ಲಿನ್ಸ್‌ಖೋಟೆನ್ನನೇ ಹೇಳಿದ್ದಾನೆ. ಈ ಮುದ್ರೆ ಗುಲಾಮರಿಗಾಗಿಯೇ ಹುಟ್ಟಿದ್ದಲ್ಲ. ಆದರೆ ಮುದ್ರೆಯಿಲ್ಲದ ತೋಳಿಗೆ ದಾರಿಯಿಲ್ಲವೆಂದಾದ ಬಳಿಕ, ಒಡೆಯನನ್ನು ಬಿಟ್ಟು ಹೊರಟವನಿಗೆ ಕಡವು ಮುಚ್ಚಿಹೋಯಿತು. ಅವನಿಗೆ ಉಳಿದದ್ದು ಕತ್ತಲೆ ಮತ್ತು ಈಜು.

ಗುಲಾಮರು ತಮ್ಮ ಕಥೆಯನ್ನು ಬರೆದಿಡಲಿಲ್ಲ. ಬರೆದವರೆಲ್ಲ ಒಡೆಯರು, ಪಾದ್ರಿಗಳು, ಪ್ರವಾಸಿಗಳು. ಆದಕಾರಣ ಚರಿತ್ರಕಾರನು ಇಂಥ ಕಡೆಗಳಲ್ಲಿ ಕಾವಲುಗಾರನನ್ನು ನೋಡಿ ಕಳ್ಳದಾರಿಯನ್ನು ಊಹಿಸಬೇಕಾಗುತ್ತದೆ. ಬಾಗಿಲಿಗೆ ಅಗಳಿ ಬಿಗಿಯಾದಷ್ಟೂ ಒಳಗಿನವರು ಹೊರಡುವವರೆಂದೇ ಅರ್ಥ.

ಈಗ ಆಚೆಯ ದಡದ ಮಾತು. ಲಿನ್ಸ್‌ಖೋಟೆನ್ನನು ಗೋವೆಯ ಬೀದಿಯಲ್ಲಿ ಹಬಸಿಗಳ ಲಿಲಾವನ್ನು ನೋಡುತ್ತಿದ್ದ ಅದೇ ವರ್ಷಗಳಲ್ಲಿ ವಿಜಾಪುರದ ಗಾದಿಯ ಮೇಲೆ ಎಳೆಯನಾದ ಇಮ್ಮಡಿ ಇಬ್ರಾಹೀಮ ಆದಿಲಶಹನಿದ್ದನು. ಅವನ ಹೆಸರಿನಲ್ಲಿ ೧೫೮೨ರಿಂದ ಸುಮಾರು ಎಂಟು ವರ್ಷ ರಾಜ್ಯವನ್ನು ನಡೆಸಿದವನು ದಿಲಾವರಖಾನನೆಂಬ ಹಬಸಿ! ಒಂದೇ ಖಂಡದ ಮಕ್ಕಳು. ಕಾಲುವೆಯ ಈಚೆಗೆ ಸರಕು, ಆಚೆಗೆ ಸರಕಾರ. ಹದಿನೇಳನೆಯ ಶತಮಾನದಲ್ಲಿ ಮಹಮ್ಮದ ಆದಿಲಶಹನ ಮಂತ್ರಿಯಾಗಿದ್ದ ಇಖಲಾಸಖಾನನೂ ಹಬಸಿಯೇ. ಶಹನೂ ಅವನೂ ಒಂದೇ ಆನೆಯ ಮೇಲೆ ಕುಳಿತಿರುವ ಚಿತ್ರವೊಂದು ಇಂದಿಗೂ ಉಳಿದಿದೆ. ವಿಜಾಪುರದ ಕಡೆಯ ದಿನಗಳಲ್ಲಿ, ೧೬೭೮ರಿಂದ ೧೬೮೩ರ ವರೆಗೆ, ಕಾರಭಾರವನ್ನು ನಡೆಸಿದವನು ಸಿದ್ದಿ ಮಸೂದನು. ಅಹಮದನಗರದ ಮಲಿಕ ಅಂಬರನ ಹೆಸರನ್ನು ಕೇಳದವರಿಲ್ಲ. ಇಥಿಯೋಪಿಯದಲ್ಲಿ ಹುಟ್ಟಿ, ಹುಡುಗನಾಗಿರುವಾಗಲೇ ಮಾರಾಟವಾಗಿ, ಕೈಯಿಂದ ಕೈಗೆ ದಾಟಿ ದಖ್ಖಣಕ್ಕೆ ಬಂದವನು. ಒಡೆಯನು ಸತ್ತ ಮೇಲೆ ಬಿಡುಗಡೆ ಹೊಂದಿ, ಕೆಲಕಾಲ ವಿಜಾಪುರದ ದಂಡಿನಲ್ಲಿಯೂ ದುಡಿದು, ಮುಂದೆ ನಿಜಾಮಶಾಹಿಯ ಕರ್ಣಧಾರನಾಗಿ ೧೬೨೬ರಲ್ಲಿ ತೀರಿಕೊಳ್ಳುವ ವರೆಗೂ ಮೊಗಲರನ್ನು ಕಾಡಿದನು. ‘ಸಿದ್ದಿ’ ಎಂಬ ಮಾತು ‘ನನ್ನ ಒಡೆಯ’ ಎಂಬರ್ಥದ ಅರಬ್ಬೀ ಶಬ್ದದಿಂದ ಬಂದದ್ದೆಂದು ಪಂಡಿತರು ಹೇಳುತ್ತಾರೆ. ಮಾರಲ್ಪಟ್ಟವರಿಗೆ ಉಳಿದ ಹೆಸರು ಇದು.

ಆದರೆ ಆಸ್ಥಾನದ ದಾರಿ ಎಲ್ಲರ ದಾರಿಯಲ್ಲ. ಕತ್ತಿ ಹಿಡಿಯಬಲ್ಲ ಕೆಲವರಿಗೆ ಅದು ತೆರೆದಿತ್ತು. ಅಲ್ಲಿಯೂ ಮೇಲೇರಲು ಮೊದಲು ಇನ್ನೊಬ್ಬ ಒಡೆಯನ ಸೊತ್ತಾಗಬೇಕಾಗಿತ್ತು. ಗೋವೆಯ ಅಡಿಗೆಮನೆಯಿಂದ ತಪ್ಪಿಸಿಕೊಂಡ ಹೆಂಗಸಿಗೆ, ನೀರು ಹೊರುತ್ತಿದ್ದ ಆಳಿಗೆ, ಕಂಕುಳಲ್ಲಿ ಕೂಸಿದ್ದವಳಿಗೆ ವಿಜಾಪುರದ ದರಬಾರಿನಿಂದ ಆಗಬೇಕಾದದ್ದೇನು? ಇವರು ಘಟ್ಟವನ್ನೇರಿದರು.

ಗೋವೆಗೂ ಬಯಲುಸೀಮೆಗೂ ನಡುವೆ ಸಹ್ಯಾದ್ರಿಯ ದಟ್ಟವಾದ ಕಾಡು ಹಬ್ಬಿದೆ. ಸೂಪೆ, ಹಳಿಯಾಳ, ಯಲ್ಲಾಪುರ, ಖಾನಾಪುರ, ಮುಂಡಗೋಡ, ಇವೆಲ್ಲ ಅದರ ಮಡಿಲಿನವು. ಈ ಪ್ರದೇಶಕ್ಕೆ ಇನ್ನೊಂದು ವಿಶೇಷವಿತ್ತು. ಒಂದು ಕಡೆ ಪೋರ್ತುಗೀಜರು, ಒಂದು ಕಡೆ ಆದಿಲಶಾಹಿ, ನಡುವೆ ಸ್ವಾದಿಯ ಅರಸರು, ತೆಂಕಣಕ್ಕೆ ಕೆಳದಿಯವರು, ಬಳಿಕ ಮರಾಠರು, ೧೭೬೦ರ ದಶಕದಲ್ಲಿ ಸ್ವಾದಿಯನ್ನು ನುಂಗಿದ ಹೈದರ ಅಲಿ. ಗಡಿಗಳು ಇಷ್ಟೊಂದಿದ್ದಾಗ ಯಾವ ಒಡೆಯನ ಕೈಯೂ ದೂರ ಚಾಚುವುದಿಲ್ಲ. ನಾಲ್ಕು ರಾಜ್ಯಗಳ ತುದಿಗಳು ಕೂಡುವಲ್ಲಿ ಯಾವ ರಾಜ್ಯವೂ ಇರುವುದಿಲ್ಲವೆಂಬುದನ್ನು ನಮ್ಮ ದರೋಡೆಗಾರರು ಬಲ್ಲರು. ಓಡಿ ಬಂದ ಗುಲಾಮರೂ ಬಲ್ಲವರಾಗಿದ್ದರು. ಅವರು ಒಂದು ದೊಡ್ಡ ಊರನ್ನು ಕಟ್ಟಲಿಲ್ಲ. ನಾಲ್ಕು ಗುಡಿಸಲು ಇಲ್ಲಿ, ಆರು ಗುಡಿಸಲು ಇನ್ನೊಂದು ಕಣಿವೆಯಲ್ಲಿ, ಹೀಗೆ ಚದರಿ ನಿಂತರು. ಇಂದಿಗೂ ಅವರ ಎಷ್ಟೋ ಕೇರಿಗಳು ಊರಿನಿಂದ ದೂರವಾಗಿ ಕಾಡಿನ ಮರೆಯಲ್ಲಿರುವುದನ್ನು ಕಾಣಬಹುದು.

ಹಳಿಯಾಳದ ಕಡೆಗೆ ವಿದ್ಯಾರ್ಥಿಗಳೊಡನೆ ಒಮ್ಮೆ ಹೋಗಿದ್ದಾಗ ಒಬ್ಬ ವೃದ್ಧರನ್ನು, ನಿಮ್ಮ ಹಿರಿಯರು ಎಲ್ಲಿಂದ ಬಂದರೆಂದು ಕೇಳಿದೆವು. ಅವರು ಪಡುವಣದ ಕಡೆಗೆ ಕೈ ತೋರಿಸಿ, ಗೋವೆಯಿಂದ ಓಡಿ ಬಂದರೆಂದರು. ನಮ್ಮ ವಿದ್ಯಾರ್ಥಿಯೊಬ್ಬನು ಪರೀಕ್ಷೆಯ ಅಭ್ಯಾಸದಿಂದ, ಹಾಗೆ ಓಡಿ ಬರಲು ಕಾರಣಗಳೇನೆಂದು ವಿಚಾರಿಸಿದನು. ಅಜ್ಜ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ, “ಬಡಿಸಿಕೊಂತ ಎಷ್ಟ ದಿನಾ ಕುಂದರೂದೋ, ತಮ್ಮಾ?” ಎಂದರು. ಹುಡುಗನು ಟಿಪ್ಪಣಿಯ ಪುಸ್ತಕವನ್ನು ಮುಚ್ಚಿದನು.

ಇಲ್ಲಿ ಒಂದು ಮಾತನ್ನು ನಿಷ್ಠುರವಾಗಿ ಹೇಳಬೇಕು. ಸಿದ್ದಿಗಳೆಲ್ಲರೂ ಓಡಿ ಬಂದವರ ಮಕ್ಕಳೇ ಎಂದು ಹೇಳಿದರೆ ಚರಿತ್ರೆಗೆ ಅನ್ಯಾಯವಾಗುತ್ತದೆ. ಪೋರ್ತುಗೀಜರಿಂದ ಘಟ್ಟದ ಮೇಲಿನ ಶ್ರೀಮಂತರು ಕೊಂಡುತಂದವರೂ, ಆದಿಲಶಾಹಿಯ ದಂಡಿನೊಡನೆ ಬಂದು ನಿಂತವರೂ, ಕಡೆಯ ಕಾಲಕ್ಕೆ ಬಿಡುಗಡೆ ಪಡೆದು ಬಂದವರೂ ಅವರಲ್ಲಿ ಸೇರಿದ್ದಾರೆ. ಇಂದು ಸಿದ್ದಿಗಳಲ್ಲಿ ಹಿಂದುಗಳು, ಮುಸಲ್ಮಾನರು, ಕ್ರೈಸ್ತರು, ಮೂವರೂ ಇರುವುದಕ್ಕೆ ಈ ಬೇರೆ ಬೇರೆ ದಾರಿಗಳೂ ಒಂದು ಕಾರಣ. ೨೦೧೧ರಲ್ಲಿ ಹೈದರಾಬಾದಿನ ಜೀವಕೋಶ ವಿಜ್ಞಾನ ಸಂಸ್ಥೆಯವರು ಪ್ರಕಟಿಸಿದ ಸಂಶೋಧನೆಯು ಇವರ ರಕ್ತದಲ್ಲಿ ಪೂರ್ವ ಆಫ್ರಿಕದ ಬಾಂಟು ಜನಗಳ ಅಂಶವು ಪ್ರಧಾನವಾಗಿರುವುದನ್ನು ತೋರಿಸಿತು. ಭಾರತೀಯರ ಅಂಶವು ಕೂಡಿಕೊಂಡದ್ದು ಸುಮಾರು ಇನ್ನೂರು ವರ್ಷಗಳ ಈಚೆಗೆ ಎಂದು ಲೆಕ್ಕ ಹಾಕಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಾಲಾಕ್ಷಪ್ಪನವರು ಉತ್ತರ ಕನ್ನಡದ ಸಿದ್ದಿಗಳನ್ನು ಕುರಿತು ೧೯೭೬ರಲ್ಲಿಯೇ ಒಂದು ಗ್ರಂಥವನ್ನು ಪ್ರಕಟಿಸಿದ್ದರು. ನಮ್ಮ ಮನೆಯ ಬಾಗಿಲಿನ ವಿಷಯವನ್ನು ನಮ್ಮವರೇ ಒಬ್ಬರು ಹೀಗೆ ಅಭ್ಯಸಿಸಿದ್ದು ಸಂತೋಷದ ಸಂಗತಿ.

ಓಡಿಹೋಗುವುದು ಹೇಡಿತನ, ಎದುರಿಸಿ ನಿಲ್ಲುವುದು ಶೌರ್ಯ ಎಂದು ನಮ್ಮಲ್ಲಿ ಒಂದು ಎಣಿಕೆಯುಂಟು. ಗುಲಾಮಗಿರಿಯ ಚರಿತ್ರೆಯನ್ನು ಓದುವಾಗ ಈ ಎಣಿಕೆಯನ್ನು ಪಕ್ಕಕ್ಕಿಡಬೇಕು. ಇದೇ ಪೋರ್ತುಗೀಜರ ಇನ್ನೊಂದು ವಸಾಹತಾದ ಬ್ರಾಜಿಲಿನಲ್ಲಿ ಕಬ್ಬಿನ ತೋಟಗಳಿಂದ ಓಡಿದ ಆಫ್ರಿಕದವರು ಕಾಡಿನಲ್ಲಿ ಪಾಲ್ಮಾರೆಸ್ ಎಂಬ ರಾಜ್ಯವನ್ನೇ ಕಟ್ಟಿ ಹದಿನೇಳನೆಯ ಶತಮಾನದ ಬಹುಭಾಗ ಆಳಿದರು. ೧೬೯೪ರಲ್ಲಿ ಅದು ಬಿದ್ದಿತು. ಅದರ ನಾಯಕನಾದ ಜುಂಬಿಯನ್ನು ಮರುವರ್ಷ ಕೊಂದರು. ಜಮೈಕದ ಕಾಡುಗಳಲ್ಲಿ ನಿಂತವರು ಇಂಗ್ಲಿಷರೊಡನೆ ಕಾದಾಡಿ ೧೭೩೯ರಲ್ಲಿ ಕರಾರು ಮಾಡಿಕೊಂಡರು. ಆದರೆ ಇನ್ನು ಮುಂದೆ ಓಡಿ ಬರುವ ಗುಲಾಮರನ್ನು ಹಿಡಿದುಕೊಡಬೇಕೆಂಬ ಷರತ್ತಿಗೆ ಅವರು ಒಪ್ಪಬೇಕಾಯಿತು. ಹೈತಿಯಲ್ಲಿ ೧೭೯೧ರಲ್ಲಿ ಎದ್ದ ಗುಲಾಮರು ೧೮೦೪ರಲ್ಲಿ ಸ್ವತಂತ್ರ ರಾಷ್ಟ್ರವನ್ನೇ ಸ್ಥಾಪಿಸಿದರು. ನಮ್ಮ ಘಟ್ಟದ ಸಿದ್ದಿಗಳಲ್ಲಿ ಜುಂಬಿಯಿಲ್ಲ, ಯುದ್ಧವಿಲ್ಲ, ಕರಾರಿಲ್ಲ. ಅದರಿಂದಲೇ ಪಠ್ಯಪುಸ್ತಕಗಳಲ್ಲಿ ಅವರಿಗೆ ಒಂದು ಸಾಲೂ ದೊರೆಯಲಿಲ್ಲ. ಆದರೆ ಪಾಲ್ಮಾರೆಸ್ ರಾಜಧಾನಿಯಾದದ್ದರಿಂದ ಫಿರಂಗಿಗೆ ಗುರಿಯಾಯಿತು. ಚದರಿ ನಿಂತ ಗುಡಿಸಲುಗಳಿಗೆ ಯಾರು ಫಿರಂಗಿಯನ್ನು ಹೂಡುತ್ತಾರೆ? ಒಬ್ಬೊಬ್ಬನು ಓಡಿದಾಗಲೂ ಒಡೆಯನಿಗೆ ಗಂಟು ಹೋಯಿತು, ಉಳಿದ ಗುಲಾಮರಿಗೆ ದಾರಿಯ ಸುದ್ದಿ ಸಿಕ್ಕಿತು. ಎದುರಿಸಿ ನಿಂತವರೂ ಇಲ್ಲದಿಲ್ಲ. ಸಂಗೊಳ್ಳಿ ರಾಯಣ್ಣನ ಸಂಗಡಿಗರಲ್ಲಿ ಗಜವೀರನೆಂಬ ಸಿದ್ದಿಯಿದ್ದನೆಂದು ಕಿತ್ತೂರ ಸೀಮೆಯ ಜನ ಹೇಳುತ್ತಾರೆ. ೧೮೩೧ರಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದ ನಂದಗಡವು ಸಿದ್ದಿಗಳು ವಾಸಿಸುವ ಖಾನಾಪುರ ತಾಲೂಕಿನಲ್ಲಿಯೇ ಇದೆ.

ಕಾನೂನುಗಳ ವಿಷಯವನ್ನು ಬೇಗ ಮುಗಿಸಬಹುದು. ೧೮೪೩ರ ಐದನೆಯ ಆಕ್ಟಿನಿಂದ, ಒಬ್ಬ ಮನುಷ್ಯನು ತನ್ನ ಸೊತ್ತೆಂಬ ವಾದವನ್ನು ಕಂಪನಿ ಸರಕಾರದ ಯಾವ ಕೋರ್ಟೂ ಜಾರಿಗೆ ತರಕೂಡದೆಂದಾಯಿತು. ಗೋವೆಯ ಒಡೆಯನು ಘಟ್ಟದ ಮೇಲೆ ಬಂದು ದಾವೆ ಹೂಡಿದರೂ ಅದು ನಿಲ್ಲುವಂತಿರಲಿಲ್ಲ. ಪೋರ್ತುಗಾಲವು ಗುಲಾಮರ ಸಾಗಾಟವನ್ನು ೧೮೩೬ರಲ್ಲಿ ನಿಷೇಧಿಸಿತು. ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ್ದು ೧೮೬೯ರಲ್ಲಿ. ಆಗಲೂ ಬಿಡುಗಡೆಯಾದವರು ಕೆಲವು ವರ್ಷ ಹಳೆಯ ಒಡೆಯರಲ್ಲಿಯೇ ದುಡಿಯಬೇಕೆಂದು ವಿಧಿಸಿತ್ತು. ಇಷ್ಟು ಹೊತ್ತಿಗೆ ಘಟ್ಟದ ಮೇಲಿನ ಸಿದ್ದಿಗಳು ತಲೆಮಾರುಗಳಿಂದ ತಮ್ಮನ್ನು ತಾವೇ ಬಿಡಿಸಿಕೊಂಡವರಾಗಿದ್ದರು. ೧೮೮೩ರಲ್ಲಿ ಅಚ್ಚಾದ ಮುಂಬಯಿ ಗ್ಯಾಜೆಟಿಯರಿನ ಕಾನಡಾ ಸಂಪುಟದಲ್ಲಿ ಈ ಕಾಡಿನ ನಿವಾಸಿಗಳ ಪಟ್ಟಿಯಲ್ಲಿ ಅವರೂ ಸೇರಿದ್ದಾರೆ.

ಗೋವೆಯ ದುಷ್ಟತನವನ್ನು ಇಷ್ಟು ವರ್ಣಿಸಿ ನಮ್ಮ ನಾಡಿನ ಮಾತನ್ನು ಮುಚ್ಚಿಡುವುದು ಸರಿಯಲ್ಲ. ತೊತ್ತು, ಆಳು, ಜೀತಗಾರ ಎಂಬ ಮಾತುಗಳು ನಮ್ಮ ಭಾಷೆಗೆ ಫರಂಗಿಗಳು ತಂದುಕೊಟ್ಟವುಗಳಲ್ಲ. ೧೮೦೦–೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲೆಯಾಳಗಳನ್ನು ಸುತ್ತಿದ ಬುಕಾನನ್ನನು ಕರಾವಳಿಯ ಗದ್ದೆತೋಟಗಳಲ್ಲಿ ಹುಟ್ಟುಗುಲಾಮರು ದುಡಿಯುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಇಂಥ ನಾಡಿಗೆ ಓಡಿ ಬಂದವರಿಗೆ ಸ್ವಾತಂತ್ರ್ಯವು ಎಷ್ಟು ದಕ್ಕೀತು? ಕಾಡಿನಲ್ಲಿ ಕುಮರಿ ಕಡಿದು ರಾಗಿ ಬಿತ್ತಿ, ಜೇನು ಕೀಳಿ, ಬೇಟೆಯಾಡಿ ಬದುಕುವ ವರೆಗೆ ಒಡೆಯನಿಲ್ಲದೆ ಬದುಕಬಹುದಾಗಿತ್ತು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲಿಷ್ ಸರಕಾರವು ಕುಮರಿಗೆ ಕಡಿವಾಣ ಹಾಕಿತು. ೧೮೭೮ರ ಅರಣ್ಯದ ಕಾನೂನಿನಿಂದ ಕಾಡು ಸರಕಾರದ ಸೊತ್ತಾಯಿತು. ನೆಲವಿಲ್ಲದವನು ಉಣ್ಣಬೇಕಾದರೆ ನೆಲವುಳ್ಳವನ ಬಾಗಿಲಿಗೆ ಹೋಗಬೇಕು. ಮದುವೆಗೋ ಕಾಯಿಲೆಗೋ ಪಡೆದ ಅಲ್ಪಸಾಲಕ್ಕಾಗಿ ತಂದೆಯೂ ಅವನ ತರುವಾಯ ಮಗನೂ ಭೂಮಾಲಿಕನ ಮನೆಯಲ್ಲಿ ಜೀತಕ್ಕೆ ನಿಂತರು. ಮುತ್ತಜ್ಜನು ಕತ್ತಲಲ್ಲಿ ಹೊಳೆಯನ್ನು ಈಜಿ ಕಳೆದುಕೊಂಡು ಬಂದ ನೊಗವನ್ನು ಮರಿಮಗನು ಹಗಲಲ್ಲಿಯೇ ಹೊತ್ತನು. ಜೀತವನ್ನು ರದ್ದುಗೊಳಿಸುವ ಕಾನೂನು ಬಂದದ್ದು ೧೯೭೬ರಲ್ಲಿ. ಕಾಡಿನ ನಿವಾಸಿಗಳಿಗೆ ಕಾಡಿನ ನೆಲದ ಮೇಲೆ ಹಕ್ಕನ್ನು ಕೊಡುವ ಕಾನೂನು ಬಂದದ್ದು ೨೦೦೬ರಲ್ಲಿ.

ಇಷ್ಟಾದರೂ ಅವರು ಉಳಿಸಿಕೊಂಡದ್ದು ಕಡಿಮೆಯಲ್ಲ. ಯಲ್ಲಾಪುರ ತಾಲೂಕಿನ ಸಾತುಂಬೈಲಿನ ಬಳಿಯ ಕಾಡಿನಲ್ಲಿ ಸಿದ್ದಿನಾಸವೆಂಬ ಹಿರಿಯರ ಸ್ಥಳವುಂಟು. ಹಬ್ಬಹುಣ್ಣಿಮೆಗಳಲ್ಲಿ ಡಮಾಮಿಯೆಂಬ ವಾದ್ಯವನ್ನು ಬಾರಿಸಿ ಕುಣಿಯುತ್ತಾರೆ. ನಮ್ಮ ಕಡೆಯ ಕೌದಿಗೆ ಅವರು ಕವಂದಿಯೆನ್ನುತ್ತಾರೆ. ಹೆಂಗಸರು ಹಳೆಯ ಸೀರೆ ಅಂಗಿಗಳ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಬಂದು, ಕಡೆಯಲ್ಲಿ ನಾಲ್ಕು ಮೂಲೆಗಳಿಗೂ ಒಂದೊಂದು ಹೂವನ್ನು ಇಡುತ್ತಾರೆ. ಹೂವಿಲ್ಲದ ಕವಂದಿ ಮುಗಿದಂತಲ್ಲ. ಕಾರವಾರದ ಕೋಡಿಬಾಗದಲ್ಲಿ ಖಾಪ್ರಿಯೆಂಬ ದೇವರಿಗೆ ಜಾತ್ರೆ ನಡೆಯುತ್ತದೆ. ಭಕ್ತರು ಸಿಗರೇಟನ್ನೂ ಮದ್ಯವನ್ನೂ ಅರ್ಪಿಸುತ್ತಾರೆ. ಆಫ್ರಿಕದವರನ್ನು ಪೋರ್ತುಗೀಜರು ಕರೆಯುತ್ತಿದ್ದ ತಿರಸ್ಕಾರದ ಹೆಸರೇ ಅದು. ಕಾಳೀನದಿಯ ದಡದಲ್ಲಿ ಅದು ದೇವರ ಹೆಸರಾಗಿ ಕುಳಿತಿದೆ.

೨೦೨೦ರಲ್ಲಿ ಶಾಂತಾರಾಮ ಸಿದ್ದಿಯವರು ಕರ್ನಾಟಕದ ವಿಧಾನಪರಿಷತ್ತಿಗೆ ನಾಮನಿರ್ದೇಶನ ಹೊಂದಿದರು. ಈ ಸಮುದಾಯದಿಂದ ಅಲ್ಲಿಗೆ ಹೋದವರಲ್ಲಿ ಅವರೇ ಮೊದಲಿಗರು. ಅದೇ ವರ್ಷ ನಡೆದ ಇನ್ನೊಂದು ಸಂಗತಿಯು ನಮ್ಮ ಧಾರವಾಡಕ್ಕೆ ಹೆಚ್ಚು ಸಂಬಂಧಪಟ್ಟದ್ದು. ೨೦೦೩ರಲ್ಲಿ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ 

ಪಟ್ಟಿಗೆ ಸೇರಿಸಿದಾಗ ಉತ್ತರ ಕನ್ನಡ ಜಿಲ್ಲೆಯವರನ್ನು ಮಾತ್ರ ಸೇರಿಸಿದ್ದರು. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಗಳು ಸೇರಿದ್ದು ೨೦೨೦ರ ತಿದ್ದುಪಡಿಯಿಂದ. ಒಂದು ಗಡಿಯನ್ನು ದಾಟಿ ಬಿಡುಗಡೆ ಪಡೆದವರ ಮಕ್ಕಳಿಗೆ ಇನ್ನೊಂದು ಗಡಿ ಹದಿನೇಳು ವರ್ಷ ಅಡ್ಡ ನಿಂತಿತು. ಮುಂಡಗೋಡದಲ್ಲಿ ಉಳಿದ ಅಣ್ಣನ ಮಕ್ಕಳಿಗೆ ಕಚೇರಿಯಲ್ಲಿ ದೊರೆಯುತ್ತಿದ್ದ ಕಾಗದವು ಕಾಡಿನ ಇತ್ತ ಮಗ್ಗುಲಿಗೆ, ಕಲಘಟಗಿಯಲ್ಲಿ, ನೆಲೆಸಿದ ತಮ್ಮನ ಮಕ್ಕಳಿಗೆ ದೊರೆಯುತ್ತಿರಲಿಲ್ಲ.